ಸ್ಕೋರ್‌ಕಾರ್ಡಿನ ಆಚೆ ಬದಿ: ಶ್ರೀಲಂಕಾದ ನಿಲುಕ ಕರುಣಾರತ್ನ

 

ಇವತ್ತು ಮೂರು ಪಂದ್ಯಗಳಿಂದ ಶುರು ಮಾಡೋಣ. ಮೂರೂ ಭಾರತ ಗೆದ್ದ ಪಂದ್ಯಗಳೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪರುಪಳ್ಳಿ ಕಶ್ಯಪ್ ಕ್ವಾರ್ಟರ್‌ಫೈನಲ್ ತಲುಪಿದರು. ಭಾರತದ ಗಂಡಸರ ಬ್ಯಾಡ್ಮಿಂಟನ್‌ನಲ್ಲಿ ಅದು ಮೊದಲ ಸಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಿಡಂಬಿ ಶ್ರೀಕಾಂತ್ ಒಂದು ಪಂದ್ಯ ಗೆದ್ದರು, ಅದೇ ಕೂಟ ನಡೀತಾ ಇರೋವಾಗ ವಿಶ್ವದ ನಂಬರ್ ಒನ್ ಆದರು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ, ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ತಂಡ ವಿಭಾಗದ ಪಂದ್ಯವನ್ನ 21-18, 21-5ರಿಂದ ಗೆದ್ದರು.

ಹತ್ತು ವರ್ಷ, ಮೂವರು ಭಾರತೀಯರು. ಆದರೆ ನೆಟ್‌ನ ಆಚೆ ಬದಿಯಲ್ಲಿ ನಿಂತಿದ್ದವರು ಒಬ್ಬರೇ. ಮೂರು ಸಲವೂ ಅವರೇ. ಹೆಸರು ನಿಲುಕ ಕರುಣಾರತ್ನ, ದೇಶ ಶ್ರೀಲಂಕಾ.

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಕ್ಲಾಸಲ್ಲಿ ಮೊದಲ ವಾರವೇ ಹೇಳಿಕೊಡೋ ಮಾತು: ಪ್ರತಿ ವ್ಯವಹಾರಕ್ಕೂ ಎರಡು ಬದಿ ಇರುತ್ತೆ, ಒಂದು ಕಡೆ ಜಮಾ ಬರೆದರೆ ಇನ್ನೊಂದು ಕಡೆ ಖರ್ಚು ಬರೀಲೇಬೇಕು. ಕ್ರೀಡೆಯ ಇತಿಹಾಸ ಓದುವಾಗ ನಾವು ಒಂದೇ ಕಡೆಯ ಲೆಕ್ಕ ಓದಿ ಪುಸ್ತಕ ಮುಚ್ಚಿಬಿಡ್ತೀವಿ. ಇವತ್ತು ಆ ಇನ್ನೊಂದು ಬದಿ ಓದೋಣ.

ಗಾಲೆಯ ಹುಡುಗ

ನಿಲುಕ ಹುಟ್ಟಿದ್ದು 1985ರ ಫೆಬ್ರವರಿ 13ರಂದು, ಶ್ರೀಲಂಕಾದ ದಕ್ಷಿಣ ಕರಾವಳಿಯ ಗಾಲೆಯಲ್ಲಿ. ಗಾಲೆ ಅಂದ ಕೂಡಲೇ ನಿಮ್ಮ ತಲೆಗೆ ಬರೋದು ಕೋಟೆಯ ಪಕ್ಕದ ಕ್ರಿಕೆಟ್ ಮೈದಾನ, ಮುರಳೀಧರನ್ ಸ್ಪಿನ್. ಅದೇ ಊರು.

ಆ ದೇಶದ ಅಳತೆ ಸ್ವಲ್ಪ ತಲೆಯಲ್ಲಿಟ್ಕೊಳ್ಳಿ. 2012ರ ಜನಗಣತಿ ಪ್ರಕಾರ ಶ್ರೀಲಂಕಾದ ಜನಸಂಖ್ಯೆ ಸುಮಾರು 2 ಕೋಟಿ. 2011ರಲ್ಲಿ ಕರ್ನಾಟಕದ್ದು 6 ಕೋಟಿ ದಾಟಿತ್ತು. ಅಂದ್ರೆ ನಮ್ಮ ರಾಜ್ಯದ ಮೂರನೇ ಒಂದು ಭಾಗದಷ್ಟು ಜನ ಇರೋ ದ್ವೀಪ. ಅದರಲ್ಲೂ 1983ರಿಂದ 2009ರ ಮೇ ತನಕ ಅಂತರ್ಯುದ್ಧ. ನಿಲುಕ ಹುಟ್ಟಿದಾಗ ಯುದ್ಧ ಶುರುವಾಗಿ ಸುಮಾರು ಒಂದೂವರೆ ವರ್ಷ ಆಗಿತ್ತು; ಅದು ಮುಗಿದಾಗ ಅವರಿಗೆ 24 ವರ್ಷ. ಒಬ್ಬ ಆಟಗಾರನ ಬಾಲ್ಯ, ಹರೆಯ, ತರಬೇತಿಯ ವರ್ಷಗಳು ಎಲ್ಲ ಅದರೊಳಗೇ ಕಳೆದವು.

ಇನ್ನು ಕ್ರೀಡೆ ಅಂದ್ರೆ ಅಲ್ಲಿ ಕ್ರಿಕೆಟ್. 1996ರ ವಿಶ್ವಕಪ್ ಗೆದ್ದಮೇಲಂತೂ ಪ್ರಾಯೋಜಕರ ದುಡ್ಡು, ಟಿವಿ ಸಮಯ, ಮಕ್ಕಳ ಕನಸು ಎಲ್ಲ ಆ ಕಡೆಗೇ. ಬ್ಯಾಡ್ಮಿಂಟನ್‌ಗೆ ಉಳಿದಿದ್ದು ಆಟದ ಮೇಲೆ ಪ್ರೀತಿ ಇಟ್ಟ ಕೆಲವು ಕುಟುಂಬಗಳು. ಕರುಣಾರತ್ನ ಮನೆ ಅಂಥದ್ದೇ. ಅಣ್ಣ-ತಮ್ಮಂದಿರೂ ರ್‍ಯಾಕೆಟ್ ಹಿಡಿದವರು. ಅವರಲ್ಲಿ ದಿನುಕ ಕೂಡ ದೇಶಕ್ಕಾಗಿ ಆಡಿದವರು. ಸರ್ಕಾರಿ ವ್ಯವಸ್ಥೆ ತೆಳ್ಳಗಿದ್ದ ಕಡೆ ಮನೆಯೇ ವ್ಯವಸ್ಥೆಯಾಗೋದು ನಮ್ಮಲ್ಲೂ ಹೊಸದಲ್ಲ.

ಅತ್ಯುತ್ತಮನಾಗೋದರ ನಷ್ಟ

ನಿಲುಕ ಮತ್ತೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದರು. ಕೇಳೋಕೆ ಚೆನ್ನಾಗಿದೆ. ಆದರೆ ಸಣ್ಣ ದೇಶದಲ್ಲಿ ನಂಬರ್ ಒನ್ ಆಗೋದರಲ್ಲಿ ಒಂದು ತೊಡಕಿದೆ.

ಬ್ಯಾಡ್ಮಿಂಟನ್ ಒಬ್ಬರೇ ಕಲಿಯೋ ಆಟ ಅಲ್ಲ. ಎದುರಿಗೆ ನಿಂತವನು ನಿಮಗಿಂತ ವೇಗವಾಗಿ ಸ್ಮ್ಯಾಶ್ ಹೊಡೆದರೆ ಮಾತ್ರ ನಿಮ್ಮ ಡಿಫೆನ್ಸ್ ಬೆಳೆಯುತ್ತೆ. ಚೀನಾ, ಇಂಡೊನೇಷ್ಯಾದಂಥ ಕಡೆ ರಾಷ್ಟ್ರೀಯ ಶಿಬಿರದಲ್ಲೇ ಹತ್ತಾರು ಜನ ಒಬ್ಬರನ್ನೊಬ್ಬರು ಸೋಲಿಸುವಂಥವರು ಇರ್ತಾರೆ. ಹೈದರಾಬಾದ್‌ನ ಗೋಪಿಚಂದ್ ಅಕಾಡೆಮಿ, ಬೆಂಗಳೂರಿನ ಪ್ರಕಾಶ್ ಅಕಾಡೆಮಿ ಬಂದಮೇಲೆ ನಮ್ಮಲ್ಲೂ ಆ ಸೌಲಭ್ಯ ಬಂತು. ಬೆಳಿಗ್ಗೆ ಪ್ರಾಕ್ಟೀಸ್‌ಗೆ ಹೋದರೆ ಪಕ್ಕದ ಕೋರ್ಟಲ್ಲಿ ನಿಮ್ಮನ್ನ ಸೋಲಿಸುವ ಹುಡುಗ ರೆಡಿ ಇರ್ತಾನೆ.

ಸಣ್ಣ ದೇಶದ ಚಾಂಪಿಯನ್‌ಗೆ ಆ ಹುಡುಗ ಸಿಗೋದು ಕಷ್ಟ. ಊರಲ್ಲಿ ಎಲ್ಲರನ್ನೂ ಸೋಲಿಸಿ ಆಯ್ತು, ಇನ್ನು ಕಲಿಯಬೇಕಂದ್ರೆ ವಿಮಾನ ಹತ್ತಬೇಕು. ಇಲ್ಲಿಂದ ಲೆಕ್ಕ ಶುರು.

ವಿಶ್ವ ರ್‍ಯಾಂಕಿಂಗ್ ಹೇಗೆ ಕೆಲಸ ಮಾಡುತ್ತೆ ನೋಡಿ. ಕಳೆದ 52 ವಾರಗಳಲ್ಲಿ ನೀವು ಆಡಿದ ಟೂರ್ನಿಗಳಲ್ಲಿ ಹೆಚ್ಚು ಪಾಯಿಂಟ್ ಬಂದ ಹತ್ತನ್ನ ಲೆಕ್ಕಕ್ಕೆ ತಗೋತಾರೆ. ಐದೇ ಟೂರ್ನಿ ಆಡಿದ್ರೆ ಐದರ ಪಾಯಿಂಟ್ ಮಾತ್ರ. ಮಿಕ್ಕ ಐದು ಖಾನೆ ಖಾಲಿ. ಹಾಗಾಗಿ ಹತ್ತು ಖಾನೆ ತುಂಬೋಕೆ ಹತ್ತಕ್ಕಿಂತ ಜಾಸ್ತಿ ಸಲ ಪ್ರಯಾಣ ಮಾಡಬೇಕು. ದೊಡ್ಡ ಟೂರ್ನಿಗಳಿಗೆ ನೇರ ಪ್ರವೇಶ ಸಿಗೋಕೂ ರ್‍ಯಾಂಕಿಂಗ್ ಬೇಕು. ಅದಿಲ್ಲದವರು ಕೆಳಗಿನ ಹಂತದ ಇಂಟರ್‌ನ್ಯಾಷನಲ್ ಚಾಲೆಂಜ್, ಇಂಟರ್‌ನ್ಯಾಷನಲ್ ಸೀರೀಸ್ ಟೂರ್ನಿಗಳನ್ನ ಹುಡುಕ್ಕೊಂಡು ಖಂಡದಿಂದ ಖಂಡಕ್ಕೆ ಅಲೀಬೇಕು.

ದುಡ್ಡು ಎಷ್ಟು ಬರುತ್ತೆ? ಬ್ಯಾಡ್ಮಿಂಟನ್‌ನಲ್ಲಿ ಒಟ್ಟು ಬಹುಮಾನದ ಹಣ ಐದು ವಿಭಾಗಗಳಿಗೆ ಹಂಚಿಹೋಗುತ್ತೆ. ಸಿಂಗಲ್ಸ್ ಚಾಂಪಿಯನ್ ಪಾಲಿಗೆ ಬರೋದು ಸರಿಸುಮಾರು ನೂರಕ್ಕೆ ಏಳು, ಏಳೂವರೆ. ಒಂದು ಸಣ್ಣ ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್ ಅಂತ ಇಟ್ಕೊಳ್ಳಿ. ಫೈನಲ್ ಗೆದ್ದವನ ಕೈಗೆ ಸಿಗೋದು 1,125 ಡಾಲರ್. ಮೊದಲ ಸುತ್ತಲ್ಲೋ ಎರಡನೇ ಸುತ್ತಲ್ಲೋ ಸೋತವನಿಗೆ ಹೋಗಿಬರೋ ಟಿಕೆಟ್ ಖರ್ಚೂ ಹುಟ್ಟಲ್ಲ. ಅದರ ಮೇಲೆ ಹೋಟೆಲ್, ಊಟ, ಕೋಚ್ ಜೊತೆಗಿದ್ದರೆ ಅವರ ಖರ್ಚು. ಹದಿನಾರು ಗರಿಯ, ಐದು ಗ್ರಾಂ ಆಸುಪಾಸು ತೂಗುವ ಶಟಲ್ ಕೂಡ ಬಿಟ್ಟಿ ಬರಲ್ಲ. ಚೆನ್ನಾಗಿ ಹೊಡೆಯೋರು ಒಂದು ಪ್ರಾಕ್ಟೀಸ್‌ನಲ್ಲೇ ಎಷ್ಟೋ ಶಟಲ್ ಮುರಿದು ಹಾಕ್ತಾರೆ.

ಬಿಸಿನೆಸ್ ಅಂತ ನೋಡಿದ್ರೆ ಇದನ್ನ ಮೊದಲ ವರ್ಷವೇ ಮುಚ್ಚಬೇಕು. ಇಂಥಾ ಲೆಕ್ಕದ ಆಟದಲ್ಲಿ ನಿಲುಕ ಮೂರು ಒಲಿಂಪಿಕ್ಸ್ ಆಡೋ ತನಕ ಉಳಿದರು.

ವೆಂಬ್ಲಿ, 2012

ಲಂಡನ್ ಒಲಿಂಪಿಕ್ಸ್‌ಗೆ ಶ್ರೀಲಂಕಾದಿಂದ ಹೋಗಿದ್ದು ಏಳೇ ಕ್ರೀಡಾಪಟುಗಳು. ಉದ್ಘಾಟನೆ ದಿನ ದೇಶದ ಬಾವುಟ ಹಿಡಿದು ಮುಂದೆ ನಡೆದಿದ್ದು ನಿಲುಕ.

ಅವರು ಅಲ್ಲಿ ತಲುಪೋಕೆ ಒಲಿಂಪಿಕ್ಸ್‌ನ ಒಂದು ನಿಯಮವೂ ದಾರಿ ಮಾಡಿಕೊಡ್ತು. ಬರೀ ರ್‍ಯಾಂಕಿಂಗ್ ಪಟ್ಟಿ ನೋಡಿ ಮೇಲಿನಿಂದ ಕೆಳಗೆ ಆರಿಸಿದ್ರೆ ಅರ್ಧ ಜಾಗ ನಾಲ್ಕೈದು ದೇಶಗಳೇ ತಿಂದುಬಿಡ್ತವೆ. ಅದಕ್ಕೇ ಒಂದು ದೇಶಕ್ಕೆ ಇಷ್ಟೇ ಜನ ಅನ್ನೋ ಮಿತಿ. ಲಂಡನ್‌ನಲ್ಲಿ ಮೂವರನ್ನ ಕಳಿಸಬೇಕಂದ್ರೆ ಮೂವರೂ ಮೊದಲ ನಾಲ್ಕರೊಳಗೆ ಇರಬೇಕಿತ್ತು, ಇಬ್ಬರನ್ನ ಕಳಿಸಬೇಕಂದ್ರೆ ಇಬ್ಬರೂ ಮೊದಲ ಹದಿನಾರರೊಳಗೆ. ಉಳಿದ ದೇಶಗಳಿಗೆ ಒಂದೊಂದೇ ಜಾಗ. ಈ ನಿಯಮದಿಂದ ಚೀನಾದ ನಾಲ್ಕನೇ ಆಟಗಾರ ಮನೇಲಿ ಕೂರ್ತಾನೆ, ಒಂದು ದ್ವೀಪದ ಚಾಂಪಿಯನ್ ಒಳಗೆ ಬರ್ತಾನೆ.

“ಇದು ನ್ಯಾಯನಾ?” ಅಂತ ಕೇಳೋರು ಯಾವಾಗಲೂ ಇದ್ದಾರೆ. ಪ್ರಶ್ನೆ ಸುಲಭದ್ದಲ್ಲ. ಚೀನಾದ ಆ ನಾಲ್ಕನೆಯವನೂ ಬಾಲ್ಯದಿಂದ ಬೆವರು ಸುರಿಸಿದವನೇ. ಪ್ರಶ್ನೆಯನ್ನ ಹಾಗೇ ಇಟ್ಕೊಂಡು ಮುಂದೆ ಬನ್ನಿ, ಯಾಕಂದ್ರೆ ಉತ್ತರದ ಒಂದು ಭಾಗ ಆ ವಾರವೇ ಕೋರ್ಟ್ ಮೇಲೆ ಸಿಕ್ತು.

ಗುಂಪು ಹಂತದಲ್ಲಿ ನಿಲುಕ ಎದುರು ಬಂದಿದ್ದು ಜಪಾನಿನ ಕೆನಿಚಿ ಟಾಗೊ. ಟಾಗೊ ಅಂದ್ರೆ 2010ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ ಆಡಿ, ಲೀ ಚೊಂಗ್ ವೇ ಕೈಲಿ ಸೋತು ರನ್ನರ್ ಅಪ್ ಆದವರು. ಪದಕದ ಲೆಕ್ಕದಲ್ಲಿ ಇದ್ದ ಹೆಸರು. ಆ ಪಂದ್ಯದ ಫಲಿತಾಂಶ: ನಿಲುಕ 21-18, 21-16. ನೇರ ಎರಡು ಗೇಮ್. ಟಾಗೊ ಮನೆಗೆ, ನಿಲುಕ ಕೊನೆಯ ಹದಿನಾರರ ಘಟ್ಟಕ್ಕೆ.

ಈ ಗೆಲುವು ನಡೆದ ಜಾಗ ವೆಂಬ್ಲಿ ಅರೆನಾ. ಅದರ ಪಕ್ಕದಲ್ಲೇ ಇರೋದು ವೆಂಬ್ಲಿ ಸ್ಟೇಡಿಯಂ. ಹಳೇದನ್ನ ಕೆಡವಿ ಹೊಸದಾಗಿ ಕಟ್ಟಿದ್ದಾರೆ, ಜಾಗ ಅದೇ. 1948ರಲ್ಲಿ, ಸ್ವಾತಂತ್ರ್ಯ ಸಿಕ್ಕ ವರ್ಷವೇ, ಆಗಿನ ಸಿಲೋನ್ ಮೊದಲ ಸಲ ಒಲಿಂಪಿಕ್ಸ್‌ಗೆ ಹೋಯ್ತು. ಅಲ್ಲಿ ಡಂಕನ್ ವೈಟ್ 400 ಮೀಟರ್ ಹರ್ಡಲ್ಸ್‌ನಲ್ಲಿ ಬೆಳ್ಳಿ ಗೆದ್ದರು. ಆಮೇಲೆ ಎರಡನೇ ಪದಕಕ್ಕೆ 52 ವರ್ಷ ಕಾಯಬೇಕಾಯ್ತು: 2000ದ ಸಿಡ್ನಿಯಲ್ಲಿ ಸುಸಂತಿಕಾ ಜಯಸಿಂಘೆ 200 ಮೀಟರ್ ಓಟದಲ್ಲಿ ಗೆದ್ದ ಕಂಚು. ಮರಿಯನ್ ಜೋನ್ಸ್ ಡೋಪಿಂಗ್ ಒಪ್ಪಿಕೊಂಡು ಪದಕ ಕಳ್ಕೊಂಡ ಮೇಲೆ ಅದು ಬೆಳ್ಳಿ ಆಯ್ತು. ಇಂಥ ದೇಶದ ಒಲಿಂಪಿಕ್ ಪುಸ್ತಕದಲ್ಲಿ ಕೊನೆಯ ಹದಿನಾರು ಅನ್ನೋದು ಸಣ್ಣ ಸಾಲಲ್ಲ.

ವೆಂಬ್ಲಿ ಅರೆನಾ ಕನ್ನಡಿಗರಿಗೂ ಹೊಸ ಹೆಸರೇನಲ್ಲ. 1980ರ ಮಾರ್ಚ್‌ನಲ್ಲಿ ಪ್ರಕಾಶ್ ಪಡುಕೋಣೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದಿದ್ದು ಇದೇ ಸಭಾಂಗಣದಲ್ಲಿ. ಆವತ್ತು ಭಾರತವೂ ಬ್ಯಾಡ್ಮಿಂಟನ್‌ನಲ್ಲಿ ಒಂದು ಸಣ್ಣ ದೇಶವೇ. ನಾವು ಅದನ್ನ ಮರೆತಿದ್ದೇವೆ, ಅಷ್ಟೆ.

ಒಂದೇ ವಾರ, ಎರಡು ಕಥೆ

ಈಗ ಅದೇ ವೆಂಬ್ಲಿಯಲ್ಲಿ, ಅದೇ ದಿನಗಳಲ್ಲಿ ನಡೆದ ಇನ್ನೊಂದು ಕಥೆ. ಒಲಿಂಪಿಕ್ ಬ್ಯಾಡ್ಮಿಂಟನ್‌ನಲ್ಲಿ ಗುಂಪು ಹಂತ ಇಟ್ಟಿದ್ದು ಲಂಡನ್‌ನಲ್ಲೇ ಮೊದಲು. ಸೋತ ಕೂಡಲೇ ಮನೆಗೆ ಹೋಗೋದು ಬೇಡ, ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಪಂದ್ಯ ಸಿಗಲಿ ಅನ್ನೋದು ಒಳ್ಳೇ ಉದ್ದೇಶವೇ. ಆದರೆ ಅದರಲ್ಲೊಂದು ತೂತಿತ್ತು: ಮುಂದಿನ ಸುತ್ತಿಗೆ ಹೋಗೋದು ಖಾತ್ರಿಯಾದಮೇಲೆ, ಕೊನೆಯ ಪಂದ್ಯ ಸೋತರೆ ಸುಲಭದ ಎದುರಾಳಿ ಸಿಗೋ ಸಾಧ್ಯತೆ.

ಜುಲೈ 31ರ ಸಂಜೆ ಮಹಿಳಾ ಡಬಲ್ಸ್‌ನಲ್ಲಿ ಚೀನಾ, ದಕ್ಷಿಣ ಕೊರಿಯಾ, ಇಂಡೊನೇಷ್ಯಾದ ಜೋಡಿಗಳು ಬೇಕಂತಲೇ ಸರ್ವ್ ನೆಟ್‌ಗೆ ಹೊಡೆದರು, ಶಟಲ್ ಹೊರಗೆ ತಳ್ಳಿದರು. ಟಿಕೆಟ್ ಕೊಟ್ಟು ಬಂದ ಜನ ಕೂಗಿ ಛೀಮಾರಿ ಹಾಕಿದರು. ಮರುದಿನ ನಾಲ್ಕು ಜೋಡಿ, ಎಂಟು ಆಟಗಾರ್ತಿಯರು ಅನರ್ಹರಾದರು.

ನಮ್ಮ ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಅದೇ ವಿಭಾಗದಲ್ಲಿದ್ದರು. ಮೂರರಲ್ಲಿ ಎರಡು ಪಂದ್ಯ ಗೆದ್ದೂ, ಬರೀ ಒಂದು ಪಾಯಿಂಟ್ ಅಂತರದಲ್ಲಿ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡರು. ಅವರ ಗುಂಪಿನ ಇನ್ನೊಂದು ಪಂದ್ಯದ ಬಗ್ಗೆ ಭಾರತ ದೂರು ಕೊಡ್ತು, ಅದು ತಿರಸ್ಕಾರವಾಯ್ತು. ಒಂದು ಪಾಯಿಂಟ್‌ಗೆ ಎಷ್ಟು ಬೆಲೆ ಅಂತ ಅವರನ್ನ ಕೇಳಬೇಕು.

ಎಂಟು ಜನ ಅನರ್ಹರಾದ ಆ ಆಗಸ್ಟ್ 1ರಂದೇ ನಿಲುಕ ಮತ್ತು ಕಶ್ಯಪ್ ಕೊನೆಯ ಹದಿನಾರರ ಪಂದ್ಯ ಆಡಿದರು. ಮೊದಲ ಗೇಮ್ ಕಶ್ಯಪ್‌ಗೆ 21-14. ಎರಡನೇದು ನಿಲುಕಗೆ 21-15. ಆ ಕ್ಷಣಕ್ಕೆ ಇಬ್ಬರ ಮುಂದೆಯೂ ಬಾಗಿಲು ತೆರೆದಿತ್ತು. ಯಾರು ಗೆದ್ದರೂ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್. ಮೂರನೇ ಗೇಮ್‌ನಲ್ಲಿ ಕಶ್ಯಪ್ ಕೈ ಮೇಲಾಯ್ತು: 21-9.

ಮರುದಿನ ಕಶ್ಯಪ್ ಲೀ ಚೊಂಗ್ ವೇ ವಿರುದ್ಧ ಸೋತರು. ಆದರೂ ಅವರ ಹೆಸರು ನಮ್ಮ ಇತಿಹಾಸ ಸೇರಿತ್ತು. ಎರಡು ವರ್ಷದ ನಂತರ ಗ್ಲಾಸ್ಗೊದಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದು, ಪ್ರಕಾಶ್ ಮತ್ತು ಸೈಯದ್ ಮೋದಿ ಸಾಲಿಗೆ ಬಂದರು. ಹದಿನಾರರ ಘಟ್ಟದಲ್ಲಿ ನಿಂತವರ ಹೆಸರು ಮಾತ್ರ ನಮ್ಮಲ್ಲಿ ಕ್ವಿಜ್ ಪ್ರಶ್ನೆಯಾಗಿ ಕೂಡ ಉಳಿಯಲಿಲ್ಲ.

ಈಗ ಆಗಲೇ ಇಟ್ಕೊಂಡಿದ್ದ ಪ್ರಶ್ನೆಗೆ ಬರೋಣ. ಸಣ್ಣ ದೇಶಗಳಿಗೆ ಜಾಗ ಕೊಟ್ರೆ ಆಟದ ಮಟ್ಟ ಇಳಿಯುತ್ತೆ ಅನ್ನೋ ವಾದ ಇದೆಯಲ್ಲ, ಆ ವಾರ ವೆಂಬ್ಲಿಯಲ್ಲಿ ಆಟದ ಮಾನ ಕಳೆದಿದ್ದು ಯಾರು? ಪದಕಕ್ಕೆ ಅಂತಲೇ ಬಂದಿದ್ದ ಬಲಿಷ್ಠ ದೇಶಗಳ ಜೋಡಿಗಳು. ಆಟಗಾರ್ತಿಯರನ್ನಷ್ಟೇ ದೂರಿ ಪ್ರಯೋಜನ ಇಲ್ಲ, ಸೋತರೆ ಲಾಭ ಅನ್ನೋ ನಿಯಮ ಮಾಡಿದವರದ್ದೂ ಪಾಲಿದೆ. ಆದರೆ ಸೋತು ಲಾಭ ಮಾಡ್ಕೊಳ್ಳೋ ಯೋಚನೆ ಬರೋದು ಮುಂದೆ ಇನ್ನೂ ಪಂದ್ಯಗಳಿವೆ ಅನ್ನೋ ಭರವಸೆ ಇದ್ದವರಿಗೆ. ನಿಲುಕನಂಥವರಿಗೆ ಪ್ರತಿ ಪಂದ್ಯವೂ ಕೊನೆಯದಾಗಬಹುದು. ಅಂಥವರು ಪಾಯಿಂಟ್ ಬಿಟ್ಟುಕೊಡಲ್ಲ. ನಾಲ್ಕು ವರ್ಷಕ್ಕೊಮ್ಮೆ ಕೊಡೋ ಆ ಒಂದೊಂದು ಜಾಗವನ್ನ ನಾನು ದಾನ ಅಂತ ಕರೆಯಲ್ಲ. ಜಾಗ ಕೊಟ್ಟಿದ್ದಕ್ಕೇ ತಾನೇ ಟಾಗೊ ಸೋತಿದ್ದು?

ಲಂಡನ್ ಆದಮೇಲೆ

ಆ ವರ್ಷದ ಅಕ್ಟೋಬರ್‌ನಲ್ಲಿ ಕೊಲಂಬೊದಲ್ಲೇ ಟಿ20 ವಿಶ್ವಕಪ್ ಫೈನಲ್ ನಡೀತು, ಶ್ರೀಲಂಕಾ ವೆಸ್ಟ್ ಇಂಡೀಸ್‌ಗೆ ಸೋತಿತು. ದೇಶದ ಗಮನ ಎಲ್ಲಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ನಿಲುಕ ಆಡ್ತಾನೇ ಇದ್ದರು. 2016ರಲ್ಲಿ ರಿಯೊ, ಎರಡನೇ ಒಲಿಂಪಿಕ್ಸ್. ಗುಂಪು ಹಂತ ದಾಟಲಿಲ್ಲ. ಅವರು ಲಂಡನ್‌ನಲ್ಲಿ ಸೋಲಿಸಿದ ಟಾಗೊ ರಿಯೊದಲ್ಲಿ ಇರಲೇ ಇಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಅಕ್ರಮ ಕ್ಯಾಸಿನೊದಲ್ಲಿ ಜೂಜಾಡಿದ ಪ್ರಕರಣದಲ್ಲಿ ಜಪಾನ್ ಸಂಸ್ಥೆ ಅವರನ್ನ ಅಮಾನತು ಮಾಡಿತ್ತು. ಅದಕ್ಕೆ ಮುಂಚೆ, 2014ರಲ್ಲಿ ಅದೇ ಟಾಗೊ ಇದ್ದ ಜಪಾನ್ ತಂಡ ದೆಹಲಿಯಲ್ಲಿ ಮೊದಲ ಸಲ ಥಾಮಸ್ ಕಪ್ ಗೆದ್ದಿತ್ತು. ಒಬ್ಬರಿಗೆ ಎತ್ತರದ ಶಿಖರ, ಆಳದ ಕಂದಕ ಎರಡೂ. ಇನ್ನೊಬ್ಬರಿಗೆ ಉದ್ದಕ್ಕೂ ಏರು ದಾರಿ.

ಕೋವಿಡ್‌ನಿಂದ ಒಂದು ವರ್ಷ ತಡವಾಗಿ, 2021ರಲ್ಲಿ ನಡೆದ ಟೋಕಿಯೊ ಮೂರನೇ ಒಲಿಂಪಿಕ್ಸ್. ಅಷ್ಟೊತ್ತಿಗೆ ನಿಲುಕಗೆ 36. ಪ್ರೇಕ್ಷಕರಿಲ್ಲದ ಖಾಲಿ ಸಭಾಂಗಣ. ಗುಂಪಿನಲ್ಲಿ ಐರ್ಲೆಂಡಿನ ಯುವಕ ನ್ಯಾಟ್ ನುಯೆನ್, ತೈವಾನಿನ ವಾಂಗ್ ತ್ಸು ವೇ. ಎರಡೂ ಪಂದ್ಯ ಸೋತರು.

ಆಮೇಲೆ 2022. ಆ ಜುಲೈ ನೆನಪಿದೆಯಾ? ಪೆಟ್ರೋಲ್‌ಗೆ ಕಿಲೋಮೀಟರ್ ಉದ್ದದ ಸಾಲು, ಔಷಧಿ ಇಲ್ಲ, ಗಂಟೆಗಟ್ಟಲೆ ಕರೆಂಟ್ ಇಲ್ಲ. ಜುಲೈ 9ರಂದು ಜನ ಕೊಲಂಬೊದ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ಅಲ್ಲಿನ ಈಜುಕೊಳದಲ್ಲಿ ಹುಡುಗರು ಈಜಾಡೋ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಗೊಟಬಯ ರಾಜಪಕ್ಸ ಮಾಲ್ಡೀವ್ಸ್‌ಗೆ ಹಾರಿ, ಅಲ್ಲಿಂದ ಸಿಂಗಪುರಕ್ಕೆ ಹೋಗಿ ರಾಜೀನಾಮೆ ಕೊಟ್ಟರು. ಅದಾಗಿ ಎರಡು ವಾರಕ್ಕೆ, ಜುಲೈ 28ರಂದು ಬರ್ಮಿಂಗ್‌ಹ್ಯಾಮ್ ಕ್ರೀಡಾಕೂಟ ಶುರು. ಶ್ರೀಲಂಕಾ ತಂಡ ಹೋಯ್ತು. ಕೂಟ ಮುಗಿಯೋ ಹೊತ್ತಿಗೆ ಆ ತಂಡದ ಹತ್ತು ಮಂದಿ ಕಣ್ಮರೆಯಾಗಿದ್ದಾರೆ ಅಂತ ಸುದ್ದಿ ಬಂತು. ಊರಿಗೆ ವಾಪಸ್ ಹೋಗೋ ಬದಲು ಬ್ರಿಟನ್‌ನಲ್ಲೇ ಉಳಿದು ಕೆಲಸ ಹುಡುಕೋಕೆ ಹೋಗಿರಬೇಕು ಅನ್ನೋದು ಅಧಿಕಾರಿಗಳ ಅನುಮಾನ.

ಇಂಥಾ ಹೊತ್ತಲ್ಲಿ 37 ವರ್ಷದ ನಿಲುಕ, ಇನ್ನೂ 21 ತುಂಬದ ಲಕ್ಷ್ಯ ಸೇನ್ ಎದುರು ಕೋರ್ಟ್‌ಗೆ ಇಳಿದರು. ಫಲಿತಾಂಶ ಆಗಲೇ ಹೇಳಿದೆ: 21-18, 21-5. ಆ ದಿನ ಭಾರತ 5-0. ನಮ್ಮ ಸುದ್ದಿಗಳಲ್ಲಿ ಬಂದಿದ್ದು ಆ 5-0 ಮಾತ್ರ.

ನನಗೆ ಮುಖ್ಯ ಅನ್ನಿಸೋದು ಮೊದಲ ಗೇಮ್‌ನ ಆ 18. ಹದಿನಾರು ವರ್ಷ ಚಿಕ್ಕವನಾದ, ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಶಿಪ್ ಕಂಚು ಗೆದ್ದ ಹುಡುಗನ ಎದುರು, ದೇಶ ದಿವಾಳಿಯಾದ ತಿಂಗಳಲ್ಲಿ, ಹದಿನೆಂಟು ಪಾಯಿಂಟ್. ಎರಡನೇ ಗೇಮ್‌ನ 5ನ್ನ ಮುಚ್ಚಿಡಬೇಕಿಲ್ಲ, ವಯಸ್ಸು ವಯಸ್ಸೇ. ಆದರೆ 18 ಅನ್ನೋ ಅಂಕೆ ಲಂಡನ್‌ನಲ್ಲಿ ಟಾಗೊನ ಸೋಲಿಸಿದ ಅದೇ ಕೈಯಿಂದ ಬಂದಿದ್ದು.

ಲೆಕ್ಕ ಹೇಗೆ ಮುಗಿಸೋದು?

ದೊಡ್ಡ ಪದಕಗಳ ಪಟ್ಟಿ ನೋಡಿದ್ರೆ ಈ ವೃತ್ತಿಜೀವನ ಸೊನ್ನೆ. ಒಲಿಂಪಿಕ್ಸ್ ಪದಕ ಇಲ್ಲ. ಆಲ್ ಇಂಗ್ಲೆಂಡ್ ಇಲ್ಲ. ದೊಡ್ಡ ಗೆಲುವು ಅಂತ ಜಗತ್ತು ನೆನಪಿಟ್ಟುಕೊಳ್ಳೋದು ಒಂದೇ ಪಂದ್ಯ.

ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಇದೆ. ಕಣ್ಣಿಗೆ ಕಾಣಲ್ಲ, ತಕ್ಕಡಿಗೆ ಹಾಕೋಕಾಗಲ್ಲ, ಆದರೂ ಬ್ಯಾಲೆನ್ಸ್ ಶೀಟಲ್ಲಿ ಜಾಗ ಇದೆ. ಒಂದು ದೇಶದಲ್ಲಿ ಒಬ್ಬ ಬ್ಯಾಡ್ಮಿಂಟನ್ ಆಟಗಾರ ಹತ್ತಿಪ್ಪತ್ತು ವರ್ಷ ಬಿಡದೆ ಆಡಿದ್ರೆ, ಅಲ್ಲಿನ ಮುಂದಿನ ಹುಡುಗನಿಗೆ ಸೋಲಿಸೋಕೆ ಒಬ್ಬ ಒಳ್ಳೇ ಆಟಗಾರ ಮನೆಯಲ್ಲೇ ಸಿಗ್ತಾನೆ. ನಿಲುಕಗೆ ಸಿಗೋಕೆ ಕಷ್ಟವಾಗಿದ್ದು ಅದೇ. ಭಾರತದಲ್ಲೂ ಹೀಗೇ ಆಗಿದ್ದು: ಪ್ರಕಾಶ್ ಒಬ್ಬರೇ ಇದ್ದರು, ಆಮೇಲೆ ಗೋಪಿಚಂದ್, ಆಮೇಲೆ ಸೈನಾ, ಕಶ್ಯಪ್, ಸಿಂಧು, ಶ್ರೀಕಾಂತ್, ಈಗ ಲಕ್ಷ್ಯ. ಒಬ್ಬರೇ ಇದ್ದ ಆ ಕಾಲವನ್ನ ದಾಟೋಕೆ ನಮ್ಮಂಥ ದೊಡ್ಡ ದೇಶಕ್ಕೇ ದಶಕಗಳು ಬೇಕಾದವು.

ಹಾಗಾಗಿ ಮುಂದಿನ ಸಲ ಭಾರತದ ಆಟಗಾರರು ಯಾವುದೋ ಪುಟ್ಟ ದೇಶದವರನ್ನ ಅರ್ಧ ಗಂಟೇಲಿ ಸೋಲಿಸಿದರು ಅಂತ ನೋಟಿಫಿಕೇಶನ್ ಬಂದಾಗ ಒಂದು ಕೆಲಸ ಮಾಡಿ. ಖುಷಿ ಪಡಿ, ಖಂಡಿತ ಪಡಿ. ಆಮೇಲೆ ಸೋತವರ ಹೆಸರನ್ನೂ ಒಂದ್ಸಲ ಪೂರ್ತಿ ಓದಿ. ಅವರು ಅಲ್ಲಿ ತನಕ ಬರೋಕೆ ಎಷ್ಟು ವಿಮಾನ ಹತ್ತಿದ್ದಾರೆ, ಊರಲ್ಲಿ ಯಾರ ಜೊತೆ ಪ್ರಾಕ್ಟೀಸ್ ಮಾಡ್ತಾರೆ ಅಂತ ಹುಡುಕಿ ನೋಡಿ.